ಟೇಲರ್‌ನಿಂದ ಟೊಯೋಟಾವರೆಗೆ: ಎಂಜಿನಿಯರಿಂಗ್ ವಿದ್ಯಾರ್ಥಿ ಯಾವ ನಿರ್ವಹಣಾ ಸಿದ್ಧಾಂತವನ್ನು ಆರಿಸಿಕೊಳ್ಳಬೇಕು?

ಸೆಮಿನಾರಿಗೋ ಪ್ರಾಜೆಕ್ಟ್ ವರದಿಗೋ ಒಂದು ನಿರ್ವಹಣಾ ಸಿದ್ಧಾಂತವನ್ನು ಆರಿಸಿಕೊಳ್ಳಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಏಣಿ ಇರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಸ್ಟಾಪ್‌ವಾಚ್ ಹಿಡಿದ ಟೇಲರ್, ಅದರ ಮೇಲೆ ಫಯೋಲ್ ಮತ್ತು ವೇಬರ್, ಆಮೇಲೆ ಹಾಥಾರ್ನ್ ಕಾರ್ಖಾನೆಯ ಮಾನವ ಸಂಬಂಧಗಳು, ಅದಕ್ಕೂ ಮೇಲೆ ಗಣಿತ, ಸಂದರ್ಭಾನುಸಾರಿ ಸಿದ್ಧಾಂತ, ತುತ್ತತುದಿಯಲ್ಲಿ ಟೊಯೋಟಾ ಮತ್ತು ಸಾಫ್ಟ್‌ವೇರ್ ಲೋಕದ ಅಜೈಲ್. ಪಠ್ಯದಲ್ಲಿ ‘ವಿಕಾಸ’ ಎಂಬ ಪದ ಕಂಡೊಡನೆ ಮೇಲಿನ ಮೆಟ್ಟಿಲೇ ಶ್ರೇಷ್ಠ, ಕೆಳಗಿನದು ಸವೆದುಹೋದದ್ದು ಎಂಬ ಭಾವನೆ ತಾನಾಗಿಯೇ ಬಂದುಬಿಡುತ್ತದೆ. ಹಾಗಾಗಿ ‘ಟೇಲರ್ ತೆಗೆದುಕೊಂಡರೆ ಹಳೆಯದಾಯಿತು ಎನ್ನುತ್ತಾರೇನೋ, ಅಜೈಲ್ ತೆಗೆದುಕೊಂಡರೆ ಎಲ್ಲರೂ ಅದನ್ನೇ ತೆಗೆದುಕೊಂಡಿದ್ದಾರೆ’ ಎಂಬ ಇಕ್ಕಟ್ಟು.

ಆ ಏಣಿಯನ್ನು ಮೊದಲು ಕೆಳಗಿಳಿಸೋಣ. 1924ರಲ್ಲಿ ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದೀಪದ ಬೆಳಕಿಗೂ ಉತ್ಪಾದನೆಗೂ ಏನು ಸಂಬಂಧ ಎಂಬ ಪ್ರಯೋಗ ಶುರುವಾಯಿತು. ಮಾನವ ಸಂಬಂಧಗಳ ಪಂಥ ಮೊಳಕೆಯೊಡೆದದ್ದು ಅಲ್ಲಿ. ಅದೇ 1924ರ ಮೇ ತಿಂಗಳಲ್ಲಿ, ಅದೇ ಕಂಪನಿಯ ವಾಲ್ಟರ್ ಷೂಹಾರ್ಟ್ ತಮ್ಮ ಮೇಲಧಿಕಾರಿಗೆ ಕೊಟ್ಟ ಚಿಕ್ಕ ಟಿಪ್ಪಣಿಯೊಂದರಲ್ಲಿ ಮೊದಲ ನಿಯಂತ್ರಣ ನಕ್ಷೆಯನ್ನು, ಎಂದರೆ ಗುಣಮಟ್ಟದ ಏರುಪೇರನ್ನು ಗುರುತಿಸುತ್ತ ಹೋಗುವ ರೇಖಾಚಿತ್ರವನ್ನು, ಬಿಡಿಸಿದ್ದರು. ಗುಣಮಟ್ಟದ ಚಳವಳಿಯ ಬೀಜ ಅದು. ಮುಂದೆ ಆ ಚಳವಳಿಯ ದೊಡ್ಡ ಹೆಸರಾದ ಜೋಸೆಫ್ ಜುರಾನ್ ಆಗತಾನೇ ಪದವಿ ಮುಗಿಸಿ ಹಾಥಾರ್ನ್‌ನಲ್ಲಿ ಕೆಲಸಕ್ಕೆ ಸೇರಿದ ವರ್ಷವೂ ಅದೇ. ಪಠ್ಯದಲ್ಲಿ ಹಲವು ಅಧ್ಯಾಯಗಳ ಅಂತರದಲ್ಲಿ ಕೂತಿರುವ ಎರಡು ವಿಚಾರಗಳು ನಿಜದಲ್ಲಿ ಅಕ್ಕಪಕ್ಕದಲ್ಲೇ ಹುಟ್ಟಿದ್ದವು. ಒಂದು ಸತ್ತು ಇನ್ನೊಂದು ಹುಟ್ಟಿದ್ದಲ್ಲ. ಬೇರೆ ಬೇರೆ ತಲೆನೋವಿಗೆ ಬೇರೆ ಬೇರೆ ಮದ್ದು ಹುಡುಕಿದ್ದು.

ಅಳತೆಗೋಲು ಯಾವುದು?

ಆಯ್ಕೆಗೆ ಮುನ್ನ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಮೊದಲನೆಯದು, ಈ ಸಿದ್ಧಾಂತ ಯಾವ ತೊಂದರೆಯ ಎದುರು ಹುಟ್ಟಿತು, ನನ್ನ ಮುಂದಿರುವುದು ಅದೇ ತೊಂದರೆಯೇ? ಎರಡನೆಯದು, ಇದು ನನ್ನಿಂದ ಎಷ್ಟು ಬಂಡವಾಳ ಬೇಡುತ್ತದೆ? ಇಲ್ಲಿ ಬಂಡವಾಳ ಎಂದರೆ ಹಣ ಮಾತ್ರವಲ್ಲ. ವಿದ್ಯಾರ್ಥಿಯ ಬಜೆಟ್ಟಿನಲ್ಲಿ ಮೂರು ಬಾಬ್ತುಗಳಿವೆ: ಸಮಯ, ಅಂಕಿಅಂಶ, ಅಧಿಕಾರ. ಮೂರನೆಯದು ಹೆಚ್ಚುಕಡಿಮೆ ಸೊನ್ನೆ ಎಂದೇ ಇಟ್ಟುಕೊಳ್ಳಿ. ತಂಡದ ನಾಯಕ ಎಂದು ಹೆಸರು ಬರೆದುಕೊಂಡ ಮಾತ್ರಕ್ಕೆ ಸಹಪಾಠಿಯ ಸಂಬಳ ಹಿಡಿದಿಡಲು ಆಗುವುದಿಲ್ಲ. ಮೂರನೆಯ ಪ್ರಶ್ನೆ, ಆಯ್ಕೆ ತಪ್ಪಿದರೆ ದಂಡ ತೆರುವವರು ಯಾರು? ಲೆಕ್ಕ ತಪ್ಪಿದರೆ ಹಾಳೆ ಹರಿದು ಮತ್ತೆ ಬರೆಯಬಹುದು. ಮನುಷ್ಯರ ಮೇಲೆ ಪ್ರಯೋಗ ತಪ್ಪಿದರೆ ಅಷ್ಟು ಸುಲಭವಲ್ಲ.

ಮೂರನೆಯದನ್ನು ನಾನು ಕಲಿತದ್ದು ಓದಿ ಅಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾವು ನಾಲ್ವರು 60 ಸರ್ಕ್ಯೂಟ್ ಬೋರ್ಡ್ ಸಿದ್ಧಪಡಿಸಬೇಕಿತ್ತು. ಇಬ್ಬರು ಬೆಸುಗೆ ಹಾಕುತ್ತಿದ್ದರು, ಒಬ್ಬ ಪರೀಕ್ಷಿಸುತ್ತಿದ್ದ, ಲೆಕ್ಕಪತ್ರ ನನ್ನದು. ಆರು ದಿನ ಕಳೆದರೂ ಕೆಲಸ ಮುಂದೆ ಹೋದಂತೆ ಕಾಣಲಿಲ್ಲ. ಆ ಸೆಮಿಸ್ಟರಿನಲ್ಲೇ ಟೇಲರ್ ಪಾಠ ಆಗಿತ್ತು, ಕೈ ಸುಮ್ಮನಿರಲಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಬೆಸುಗೆ ಹಾಕುವವರ ಹಿಂದೆ ನಿಂತೆ. ಒಬ್ಬನಿಗೆ ಒಂದು ಬೋರ್ಡಿಗೆ ಸರಾಸರಿ 22 ನಿಮಿಷ, ಇನ್ನೊಬ್ಬನಿಗೆ 31. ಎರಡೂ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ನಿಧಾನದವನು ವೇಗ ಹೆಚ್ಚಿಸುತ್ತಾನೆ ಎಂಬುದು ನನ್ನ ಎಣಿಕೆ. ಮರುದಿನ ವೇಗದವನು 30 ನಿಮಿಷ ತೆಗೆದುಕೊಂಡ. ನಿಧಾನದವನು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟ. ಕೊನೆಗೆ ಪ್ರಯೋಗಾಲಯದ ಸಹಾಯಕರೊಬ್ಬರು ಮೂಲೆಯ ಟ್ರೇ ತೋರಿಸಿ, ‘ಇವೆಲ್ಲ ಎಷ್ಟು ದಿನದಿಂದ ಇಲ್ಲೇ ಬಿದ್ದಿವೆ?’ ಎಂದು ಕೇಳಿದರು. ಬೆಸುಗೆಯಾಗಿ ಪರೀಕ್ಷೆಗೆ ಕಾಯುತ್ತಿದ್ದ ಬೋರ್ಡುಗಳು ಅವು. ಆ ಟ್ರೇಯ ಮಾತು ಮುಂದೆಯೂ ಬರುತ್ತದೆ.

ಟೇಲರ್: ಕೆಲಸವೇ ಕಗ್ಗಂಟಾಗಿರುವಾಗ

ಫ್ರೆಡರಿಕ್ ಟೇಲರ್ ಮೆಕ್ಯಾನಿಕಲ್ ಎಂಜಿನಿಯರ್. ಲೋಹ ಕತ್ತರಿಸುವ ಉಪಕರಣಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಅವರ ಎದುರಿಗಿದ್ದ ತೊಂದರೆ ಸರಳವಾದದ್ದು: ಒಂದು ಕೆಲಸಕ್ಕೆ ನ್ಯಾಯವಾಗಿ ಎಷ್ಟು ಹೊತ್ತು ಬೇಕು ಎಂಬುದು ಮಾಲೀಕನಿಗೂ ಗೊತ್ತಿರಲಿಲ್ಲ, ಕಾರ್ಮಿಕನಿಗೂ ಗೊತ್ತಿರಲಿಲ್ಲ. 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಬೀಡು ಕಬ್ಬಿಣದ ಗಟ್ಟಿಗಳನ್ನು ರೈಲ್ವೆ ವ್ಯಾಗನ್ನಿಗೆ ಹೊತ್ತು ಹಾಕುವ ಕೆಲಸವನ್ನು ಅವರು ಅಳೆದರು. ಒಬ್ಬ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ. ತಾವು ಹೇಳಿದಂತೆ ಮಾಡಿದವನು ನಲವತ್ತೇಳೂವರೆ ಟನ್ ಹೊತ್ತ ಎಂದು ಟೇಲರ್ ಬರೆದರು.

ಈ ಸಂಖ್ಯೆಯನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ಲೆಕ್ಕ ಹಾಕಿ ನೋಡಿ. ಗಟ್ಟಿಯೊಂದರ ತೂಕ 92 ಪೌಂಡ್, ಎಂದರೆ ಸುಮಾರು 42 ಕಿಲೋ. ಆ ಟನ್ 2,240 ಪೌಂಡಿನದು. ನಲವತ್ತೇಳೂವರೆ ಟನ್ ಎಂದರೆ 1,156 ಗಟ್ಟಿಗಳು. ಹತ್ತು ಗಂಟೆಯ ದಿನದಲ್ಲಿ 31 ಸೆಕೆಂಡಿಗೊಂದು. ಅದು ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಟೇಲರ್ ಕೊಟ್ಟ ಉತ್ತರ ಚಾವಟಿಯಲ್ಲ, ವಿಶ್ರಾಂತಿ. ಅಷ್ಟು ಭಾರ ಹೊರುವವನು ದಿನದ ಶೇ 43ರಷ್ಟು ಹೊತ್ತು ಮಾತ್ರ ಭಾರದ ಕೆಳಗಿರಬೇಕು, ಉಳಿದ ಶೇ 57ರಷ್ಟು ಹೊತ್ತು ಕೈ ಬರಿದಾಗಿರಬೇಕು ಎಂದರು. ಟೇಲರ್ ಎಂದರೆ ಬರೀ ವೇಗ ಎಂದುಕೊಂಡವರು ಈ ಭಾಗವನ್ನು ಓದಿರುವುದಿಲ್ಲ. ಇನ್ನೊಂದು ಮಗ್ಗುಲನ್ನೂ ಲೆಕ್ಕ ಹಾಕಬೇಕು. ಹೊತ್ತ ಭಾರ 3.8 ಪಟ್ಟಾಯಿತು. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ, ಎಂದರೆ 1.6 ಪಟ್ಟಿಗೆ ಏರಿತು. ಉಳಿದದ್ದು ಯಾರ ಜೇಬಿಗೆ ಹೋಯಿತು ಎಂದು ಕೇಳುವುದು ಎಂಜಿನಿಯರನ ಕೆಲಸವಲ್ಲ ಎನ್ನುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಜೊತೆಗೆ, ಟೇಲರ್ ಈ ಕಥೆಯನ್ನು ಹೇಳಿದ ರೀತಿ ನಡೆದದ್ದಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ನಂತರದ ಇತಿಹಾಸಕಾರರು ದಾಖಲೆ ಕೆದಕಿ ತೋರಿಸಿದ್ದಾರೆ. ಸೆಮಿನಾರಿನಲ್ಲಿ ಈ ಉದಾಹರಣೆ ಕೊಟ್ಟರೆ ಆ ಮಾತನ್ನೂ ಸೇರಿಸಿ.

ನನ್ನನ್ನು ಕೇಳಿದರೆ ಬೀಡು ಕಬ್ಬಿಣಕ್ಕಿಂತ ಸಲಿಕೆಯ ಪ್ರಯೋಗವೇ ಒಳ್ಳೆಯದು. ಅದೇ ಕಾರ್ಖಾನೆಯಲ್ಲಿ ಒಂದೇ ಸಲಿಕೆಯಲ್ಲಿ ಸಣ್ಣ ಕಾಳಿನಂಥ ಕಲ್ಲಿದ್ದಲು ಎತ್ತಿದರೆ ಮೂರೂವರೆ ಪೌಂಡ್, ಅದಿರು ಎತ್ತಿದರೆ 38 ಪೌಂಡ್ ಬರುತ್ತಿತ್ತು. ಒಂದು ಎತ್ತಿಗೆ ಸುಮಾರು 21 ಪೌಂಡ್ ಇದ್ದರೆ ದಿನದ ಒಟ್ಟು ಕೆಲಸ ಅತಿ ಹೆಚ್ಚು ಎಂದು ಅಳೆದು ತೂಗಿ ಕಂಡುಕೊಂಡು, ಹಗುರ ಸರಕಿಗೆ ದೊಡ್ಡ ಸಲಿಕೆ, ಭಾರದ ಸರಕಿಗೆ ಚಿಕ್ಕ ಸಲಿಕೆ ಕೊಟ್ಟರು. ಇಲ್ಲಿ ಬದಲಾದದ್ದು ಉಪಕರಣ, ಮನುಷ್ಯನಲ್ಲ. ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವ ಕೆಲಸದ 18 ಚಲನೆಗಳನ್ನು ಐದಕ್ಕೆ ಇಳಿಸಿದ್ದೂ ಇದೇ ದಾರಿಯಲ್ಲಿ: ಇಟ್ಟಿಗೆ ಬಾಗಿ ಎತ್ತದಂತೆ ಕೈಮಟ್ಟಕ್ಕೆ ಬರುವ ಅಟ್ಟಣೆ.

ಬಂಡವಾಳದ ಲೆಕ್ಕದಲ್ಲಿ ಈ ಆಯ್ಕೆ ಅಗ್ಗ. ಒಂದು ಗಡಿಯಾರ, ಒಂದು ನೋಟ್‌ಬುಕ್, ಒಂದು ವಾರ ಸಾಕು. ಕೆಲಸ ಮತ್ತೆ ಮತ್ತೆ ಒಂದೇ ರೀತಿ ನಡೆಯುವಂಥದ್ದಾಗಿರಬೇಕು, ಅಷ್ಟೇ. ದಂಡದ ಲೆಕ್ಕದಲ್ಲಿ ಮಾತ್ರ ದುಬಾರಿ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಕಂಡೇ ಮುಷ್ಕರ ಹೂಡಿದರು, ವಿಷಯ ಸಂಸತ್ತಿನ ಸಮಿತಿಯ ಮುಂದೆ ಹೋಯಿತು. ನನ್ನ ಗೋಡೆಯ ಹಾಳೆಗೆ ಅಂಥ ಭಾಗ್ಯ ಸಿಗಲಿಲ್ಲ, ಆದರೆ ತಪ್ಪು ಅದೇ. ಉಪಕರಣವನ್ನು ಅಳೆಯಬೇಕಾದಲ್ಲಿ ಗೆಳೆಯನನ್ನು ಅಳೆದಿದ್ದೆ.

ಫಯೋಲ್, ವೇಬರ್: ಯಾರು ಯಾರ ಮಾತು ಕೇಳಬೇಕು ಎಂಬುದೇ ಗೊತ್ತಿಲ್ಲದಾಗ

ಹೆನ್ರಿ ಫಯೋಲ್ ಕೂಡ ಎಂಜಿನಿಯರ್, ಗಣಿ ಎಂಜಿನಿಯರ್. 1888ರಲ್ಲಿ ಮುಳುಗುತ್ತಿದ್ದ ಫ್ರೆಂಚ್ ಗಣಿ ಕಂಪನಿಯೊಂದರ ಚುಕ್ಕಾಣಿ ಹಿಡಿದು 1918ರವರೆಗೆ ನಡೆಸಿದರು. ಟೇಲರ್ ಕಾರ್ಖಾನೆಯ ನೆಲದಿಂದ ಮೇಲಕ್ಕೆ ನೋಡಿದರೆ ಇವರು ಮೇಲಿನ ಕುರ್ಚಿಯಿಂದ ಕೆಳಕ್ಕೆ ನೋಡಿದರು. 1916ರಲ್ಲಿ ಪ್ರಕಟಿಸಿದ ಅವರ 14 ತತ್ವಗಳನ್ನು ಪರೀಕ್ಷೆಗೆಂದು ಎಲ್ಲರೂ ಉರು ಹೊಡೆಯುತ್ತಾರೆ. ವಿದ್ಯಾರ್ಥಿ ತಂಡಕ್ಕೆ ಅವುಗಳಲ್ಲಿ ನಿಜಕ್ಕೂ ಬೇಕಾದವು ಎರಡೋ ಮೂರೋ.

ಒಂದು, ಆದೇಶದ ಏಕತೆ: ಒಬ್ಬನಿಗೆ ಒಬ್ಬನೇ ಹೇಳಬೇಕು. ಮಾರ್ಗದರ್ಶಕರು ಒಂದು, ಕಂಪನಿಯ ಮೇಲ್ವಿಚಾರಕರು ಇನ್ನೊಂದು ಹೇಳಿದಾಗ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತಾದ ಇಂಟರ್ನ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇನ್ನೊಂದು, ಫಯೋಲ್ ಹೇಳಿದ ‘ಕಾಲುಸಂಕ’. ಎರಡು ಬೇರೆ ವಿಭಾಗಗಳ ಸಮಾನ ದರ್ಜೆಯವರು ಪ್ರತಿಯೊಂದು ಮಾತಿಗೂ ಮೇಲಿನವರೆಗೆ ಹತ್ತಿ ಇಳಿಯಬೇಕಾಗಿಲ್ಲ. ಮೇಲಿನವರಿಗೆ ತಿಳಿಸಿ ತಾವೇ ನೇರವಾಗಿ ಮಾತಾಡಿಕೊಳ್ಳಬಹುದು. ಶ್ರೇಣಿಯನ್ನು ಬೋಧಿಸಿದವರೇ ಅದನ್ನು ಅಡ್ಡದಾಟುವ ದಾರಿಯನ್ನೂ ತೋರಿಸಿದ್ದರು ಎಂಬುದು ಹೆಚ್ಚಿನ ಉತ್ತರಪತ್ರಿಕೆಗಳಲ್ಲಿ ಕಾಣೆಯಾಗಿರುತ್ತದೆ.

ಜರ್ಮನ್ ಸಮಾಜಶಾಸ್ತ್ರಜ್ಞ ವೇಬರ್ ಅವರ ಅಧಿಕಾರಶಾಹಿಯ ಚಿತ್ರಣ ಅವರು ತೀರಿಕೊಂಡ ಮೇಲೆ, 1922ರಲ್ಲಿ ಅಚ್ಚಾಯಿತು. ಲಿಖಿತ ನಿಯಮ, ಕಡತ, ಅರ್ಹತೆಯ ಮೇಲೆ ನೇಮಕ, ಹುದ್ದೆಗೆ ಅಧಿಕಾರವೇ ಹೊರತು ವ್ಯಕ್ತಿಗಲ್ಲ. ಇದನ್ನು ಬೈಯುವುದು ಸುಲಭ. ಆದರೆ ಹಿಂದಿನ ತಂಡ ಬಿಟ್ಟುಹೋದ ಕೋಡ್ ತೆರೆದು ಯಾಕೆ ಹೀಗೆ ಬರೆದಿದ್ದಾರೆ ಎಂದು ತಲೆ ಚಚ್ಚಿಕೊಂಡವರಿಗೆ ಕಡತದ ಬೆಲೆ ಗೊತ್ತು. ನಾಲ್ಕು ಜನರ ತಂಡದಲ್ಲಿ ಜೋಡಿ ಸಂಬಂಧಗಳು ಆರು; ಎಂಟು ಜನರಾದರೆ 28. ನಾಲ್ವರಿಗೆ ಫಯೋಲ್, ವೇಬರ್ ಇಬ್ಬರೂ ಮೂಗಿಗಿಂತ ಭಾರವಾದ ಮೂಗುತಿ. ಎಂಟು ಹತ್ತು ದಾಟಿತೋ, ಅವರನ್ನು ಬಿಟ್ಟು ಗತಿಯಿಲ್ಲ.

ಹಾಥಾರ್ನ್: ಎಲ್ಲ ಸರಿಯಿದ್ದೂ ಕೆಲಸ ಸಾಗದಾಗ

ಹಾಥಾರ್ನ್ ಎಂದರೆ ‘ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಇಳಿಸಿದರೂ ಏರಿತು, ಏಕೆಂದರೆ ಯಾರೋ ಗಮನಿಸುತ್ತಿದ್ದರು’ ಎಂಬ ಒಂದೇ ಸಾಲು ಎಲ್ಲರಿಗೂ ನೆನಪು. ಇಬ್ಬರು ಹೆಂಗಸರು ಬೆಳದಿಂಗಳಿನಷ್ಟು ಮಂದ ಬೆಳಕಿನಲ್ಲೂ ವೇಗ ಉಳಿಸಿಕೊಂಡದ್ದು ನಿಜ. ಆದರೆ 1932ರವರೆಗೆ ನಡೆದ ಆ ಅಧ್ಯಯನಗಳನ್ನು ಅಷ್ಟಕ್ಕೇ ನಿಲ್ಲಿಸಿದರೆ ನಷ್ಟ ನಿಮಗೇ.

ಎಂಜಿನಿಯರಿಂಗ್ ವಿದ್ಯಾರ್ಥಿ ಓದಬೇಕಾದದ್ದು ಕೊನೆಯ ಭಾಗ. 1931ರ ನವೆಂಬರಿನಿಂದ ಟೆಲಿಫೋನ್ ಸ್ವಿಚ್ಚಿಗೆ ತಂತಿ ಜೋಡಿಸುವ 14 ಜನ ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ ಆರು ತಿಂಗಳ ಮೇಲೆ ಗಮನಿಸಿದರು. ಒಂಬತ್ತು ಜನ ತಂತಿ ಸುತ್ತುವವರು, ಮೂವರು ಬೆಸುಗೆಯವರು, ಇಬ್ಬರು ತಪಾಸಣೆಯವರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಎಂಬ ವ್ಯವಸ್ಥೆ ಇದ್ದೇ ಇತ್ತು. ಆದರೂ ದಿನಕ್ಕೆ ಎರಡು ಘಟಕಕ್ಕಿಂತ ಹೆಚ್ಚು ಮುಗಿಸಬಾರದು ಎಂದು ಗುಂಪು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಕೊಂಡಿತ್ತು. ಮೀರಿದವನ ತೋಳಿಗೆ ಬಲವಾದ ಗುದ್ದು ಬೀಳುತ್ತಿತ್ತು. ತೀರ ಕಡಿಮೆ ಮಾಡಿದವನಿಗೂ ಮರ್ಯಾದೆಯಿರಲಿಲ್ಲ, ಮೇಲ್ವಿಚಾರಕನಿಗೆ ಚಾಡಿ ಹೇಳಿದವನಿಗಂತೂ ಉಳಿಗಾಲವಿರಲಿಲ್ಲ. ಇವತ್ತು ಹೆಚ್ಚು ಮಾಡಿ ತೋರಿಸಿದರೆ ನಾಳೆ ಅದೇ ಕನಿಷ್ಠ ಮಟ್ಟವಾಗುತ್ತದೆ ಎಂಬ ಅಂಜಿಕೆ ಅದರ ಹಿಂದಿತ್ತು. ನನ್ನ ಗೆಳೆಯ 22 ನಿಮಿಷದಿಂದ 30 ನಿಮಿಷಕ್ಕೆ ಇಳಿದದ್ದು ಸೋಮಾರಿತನದಿಂದ ಅಲ್ಲ ಎಂದು ಇದನ್ನು ಓದಿದ ಮೇಲೆ ಅರ್ಥವಾಯಿತು. ಪಕ್ಕದವನಿಗೆ ಅವಮಾನವಾಗುವುದನ್ನು ತಪ್ಪಿಸಲು ಅವನು ತನ್ನ ವೇಗವನ್ನೇ ಬಿಟ್ಟುಕೊಟ್ಟಿದ್ದ.

ಈ ಪಂಥದ ದೌರ್ಬಲ್ಯವನ್ನೂ ಹೇಳಬೇಕು. ಹಾಥಾರ್ನ್‌ನ ಇನ್ನೊಂದು ಪ್ರಯೋಗದಲ್ಲಿ, ರಿಲೇ ಎಂಬ ಟೆಲಿಫೋನ್ ಬಿಡಿಭಾಗವನ್ನು ಜೋಡಿಸುವ ಕೋಣೆಯ ಐವರು ಹೆಂಗಸರಲ್ಲಿ ಇಬ್ಬರನ್ನು 1928ರ ಆರಂಭದಲ್ಲಿ ಮಾತು ಹೆಚ್ಚಾಯಿತೆಂದು ಬದಲಾಯಿಸಲಾಗಿತ್ತು. ಆಮೇಲೆ ಉತ್ಪಾದನೆ ಏರಿದ್ದಕ್ಕೆ ಪ್ರೀತಿಯ ಮೇಲ್ವಿಚಾರಣೆ ಎಷ್ಟು ಕಾರಣ, ಹೊಸಬರ ಕೈಚಳಕ ಎಷ್ಟು ಕಾರಣ, ಕೂಲಿಯ ಪದ್ಧತಿ ಎಷ್ಟು ಕಾರಣ ಎಂದು ಬಿಡಿಸಿ ಹೇಳುವುದು ಕಷ್ಟ. ಪ್ರಯೋಗವೊಂದರಲ್ಲಿ ಒಟ್ಟಿಗೆ ಹಲವು ಚರಗಳನ್ನು ಬದಲಾಯಿಸಬಾರದು ಎಂದು ಮೊದಲ ವರ್ಷದ ಪ್ರಯೋಗಾಲಯದಲ್ಲೇ ಕಲಿತವರು ನೀವು. ಈ ಅಧ್ಯಯನಗಳಿಗೆ ಹೆಸರಾದ ಎಲ್ಟನ್ ಮೇಯೋ ಅವರ ತೀರ್ಮಾನಗಳನ್ನು ಅದೇ ಕಣ್ಣಿನಿಂದ ನೋಡಿ.

ಇದೇ ಸಾಲಿನಲ್ಲಿ ಬರುವ ಮೇರಿ ಪಾರ್ಕರ್ ಫಾಲೆಟ್ ಅವರಿಗೆ ಪಠ್ಯದಲ್ಲಿ ಸಿಗುವುದು ಅರ್ಧ ಪುಟ. ಗ್ರಂಥಾಲಯದಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಿರಬೇಕಿತ್ತು. ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಗಾಳಿ ಸಿಕ್ಕಿತು, ಇವರಿಗೆ ನೇರ ಗಾಳಿ ತಪ್ಪಿತು. ಅರ್ಧ ಕಿಟಕಿ ತೆರೆಯುವ ರಾಜಿ ಇಬ್ಬರಿಗೂ ಅರೆಬರೆಯೇ ಆಗುತ್ತಿತ್ತು. ಅಧಿಕಾರವೇ ಇಲ್ಲದ ವಿದ್ಯಾರ್ಥಿ ನಾಯಕನಿಗೆ ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉಪಕರಣ ಇನ್ನೊಂದಿಲ್ಲ.

ಪ್ರೇರಣೆಯ ಸಿದ್ಧಾಂತಗಳನ್ನು ಬೇಗ ಮುಗಿಸುತ್ತೇನೆ. ಮಾಸ್ಲೋ 1943ರಲ್ಲಿ ಅಗತ್ಯಗಳ ಶ್ರೇಣಿಯನ್ನು ಹೇಳಿದರು. ಅದನ್ನು ತೋರಿಸುವ ಪ್ರಸಿದ್ಧ ಪಿರಮಿಡ್ಡನ್ನು ಬಿಡಿಸಿದವರು ಬೇರೆಯವರು. ಮನುಷ್ಯ ಕೆಲಸಗಳ್ಳ ಎಂದು ನಂಬುವ ಎಕ್ಸ್, ತಾನಾಗಿಯೇ ದುಡಿಯಬಲ್ಲ ಎಂದು ನಂಬುವ ವೈ ಎಂಬ ಮೆಕ್‌ಗ್ರೆಗರ್ ಅವರ ವಿಂಗಡಣೆ 1960ರದ್ದು. ಒಂದನ್ನೇ ಆರಿಸುವುದಾದರೆ ಹರ್ಜ್‌ಬರ್ಗ್ ಅವರನ್ನು ಆರಿಸಿ, ಏಕೆಂದರೆ 1959ರ ಅವರ ಅಧ್ಯಯನದಲ್ಲಿ ಮಾತಾಡಿಸಿದ ಸುಮಾರು ಇನ್ನೂರು ಮಂದಿ ಎಂಜಿನಿಯರುಗಳು ಮತ್ತು ಲೆಕ್ಕಪತ್ರ ನೋಡುವವರೇ. ಸಂಬಳ, ಸೌಲಭ್ಯ ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ಆದರೆ ಅವು ಸರಿಯಾದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ, ಉತ್ಸಾಹ ಬರುವುದು ಕೆಲಸದೊಳಗಿನಿಂದ ಎಂಬುದು ಅವರ ವಾದ. ಅದೇ ಮಾತು ಬೀಡು ಕಬ್ಬಿಣ ಹೊರುವವನಿಗೂ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೈಬಿಡಬೇಡಿ.

ಗಣಿತದ ಪಂಥ: ಕಣ್ಣಿಗೆ ಕಾಣುವುದೇ ಮೋಸ ಮಾಡುವಾಗ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳು ಜರ್ಮನ್ ಸಬ್‌ಮೆರೀನುಗಳ ಮೇಲೆ ನೀರೊಳಗೆ ಸಿಡಿಯುವ ಬಾಂಬು ಹಾಕುತ್ತಿದ್ದವು. ನೂರು ಅಡಿ ಆಳಕ್ಕೆ ಇಳಿದ ಮೇಲೆ ಸಿಡಿಯುವಂತೆ ಅವನ್ನು ಹೊಂದಿಸಿದ್ದರು. ವಿಜ್ಞಾನಿಗಳ ತಂಡವೊಂದು ದಾಳಿಯ ವರದಿಗಳನ್ನು ಹರಡಿಕೊಂಡು ಕೂತಿತು. ವಿಮಾನ ಕಂಡೊಡನೆ ಮುಳುಗಿ ನೂರು ಅಡಿ ತಲುಪುವಷ್ಟು ಸಮಯ ಸಿಕ್ಕ ಸಬ್‌ಮೆರೀನ್ ಆ ಹೊತ್ತಿಗೆ ಎತ್ತ ಹೋಗಿದೆ ಎಂಬುದೇ ಗೊತ್ತಿರುವುದಿಲ್ಲ. ಗುರಿಗೆ ಸಿಗುವುದು ಇನ್ನೂ ಮೇಲ್ಮಟ್ಟದಲ್ಲಿರುವವು ಮಾತ್ರ. ಆಳವನ್ನು 25 ಅಡಿಗೆ ತಂದರು. ಹೊಸ ಬಾಂಬು ಬೇಡವಾಯಿತು, ಹೊಸ ವಿಮಾನ ಬೇಡವಾಯಿತು, ಫಲ ಕಣ್ಣಿಗೆ ಕಟ್ಟುವಂತೆ ಹೆಚ್ಚಿತು. ಆಪರೇಷನ್ಸ್ ರಿಸರ್ಚ್ ಎಂಬ ಶಾಖೆ ಬೆಳೆದದ್ದು ಇಂಥ ಕೆಲಸಗಳಿಂದ. 1947ರಲ್ಲಿ ಮಿತಿಗಳೊಳಗೆ ಅತ್ಯುತ್ತಮ ಹಂಚಿಕೆ ಹುಡುಕುವ ಡ್ಯಾಂಟ್ಜಿಗ್ ಅವರ ಸಿಂಪ್ಲೆಕ್ಸ್ ವಿಧಾನ, 1950ರ ದಶಕದ ಕೊನೆಯಲ್ಲಿ ದೊಡ್ಡ ಯೋಜನೆಗಳ ವೇಳಾಪಟ್ಟಿ ಹಾಕುವ ಡ್ಯೂಪಾಂಟ್ ಕಂಪನಿಯ ಸಿಪಿಎಂ ಮತ್ತು ಅಮೆರಿಕದ ನೌಕಾಪಡೆಯ ಪರ್ಟ್ ಬಂದವು.

ಈಗ ನಮ್ಮ ಟ್ರೇಗೆ ಬನ್ನಿ. ದಿನಕ್ಕೆ ಎಂಟು ಬೋರ್ಡ್ ಬೆಸುಗೆಯಾಗುತ್ತಿದ್ದವು. ಆಸಿಲೋಸ್ಕೋಪ್ ನಮಗೆ ಸಿಗುತ್ತಿದ್ದದ್ದು ದಿನಕ್ಕೆ ಮೂರು ಗಂಟೆ, ಒಂದು ಬೋರ್ಡಿನ ಪರೀಕ್ಷೆಗೆ ಅರ್ಧ ಗಂಟೆ. ಎಂದರೆ ದಿನಕ್ಕೆ ಆರು. ಪ್ರತಿದಿನ ಎರಡು ಬೋರ್ಡ್ ಟ್ರೇಯಲ್ಲಿ ಉಳಿದು ಆರನೆಯ ದಿನದ ಸಂಜೆಗೆ 12 ಸೇರಿದ್ದವು. 12ನ್ನು ದಿನಕ್ಕೆ ಆರರಂತೆ ಭಾಗಿಸಿದರೆ ಹೊಸದಾಗಿ ಬಂದ ಬೋರ್ಡ್ ಎರಡು ದಿನ ಕಾಯಬೇಕು. ಸಾಲಿನ ಉದ್ದ, ಬರುವ ದರ, ಕಾಯುವ ಸಮಯ ಇವುಗಳ ನಡುವಿನ ಈ ಸಂಬಂಧವನ್ನು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದರು. ನಾನು ಬೆಸುಗೆಯ ವೇಗ ಹೆಚ್ಚಿಸುವುದರಲ್ಲಿ ಗೆದ್ದಿದ್ದರೂ ಆಗುತ್ತಿದ್ದದ್ದು ಒಂದೇ, ಟ್ರೇ ಇನ್ನಷ್ಟು ತುಂಬುತ್ತಿತ್ತು. ತಪ್ಪು ಗಡಿಯಾರದ್ದಲ್ಲ, ಅದನ್ನು ಹಿಡಿದ ಜಾಗದ್ದು.

ಇನ್ನೊಂದು ಲೆಕ್ಕ ನೆನಪಿಡಲು ಯೋಗ್ಯ. ಒಂದೇ ಯಂತ್ರ, ಕೆಲಸಗಳು ಹೇಗೆಂದರೆ ಹಾಗೆ ಬರುತ್ತವೆ ಎಂಬ ಸರಳ ಮಾದರಿಯಲ್ಲಿ, ಯಂತ್ರ ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಸರಾಸರಿ ಕಾಯುವಿಕೆ ಒಂದು ಕೆಲಸದ ಸಮಯದ ನಾಲ್ಕು ಪಟ್ಟು. ಶೇ 90ಕ್ಕೆ ಒಂಬತ್ತು ಪಟ್ಟು, ಶೇ 95ಕ್ಕೆ 19 ಪಟ್ಟು. ಯಂತ್ರ ಒಂದು ಕ್ಷಣವೂ ಬಿಡುವಿಲ್ಲದೆ ಓಡಬೇಕು ಎಂದು ಹಠ ಹಿಡಿಯುವ ಮೇಲ್ವಿಚಾರಕರ ಎದುರು ಇಡಲು ಇದಕ್ಕಿಂತ ಒಳ್ಳೆಯ ಹಾಳೆ ಇಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಈ ಪಂಥ ತವರುಮನೆ. ಅಧಿಕಾರ ಬೇಡ, ಲೆಕ್ಕ ತಪ್ಪಿದರೆ ಯಾರೂ ಮಾತು ಬಿಡುವುದಿಲ್ಲ. ಬೇಕಾದದ್ದು ನಂಬಬಹುದಾದ ಅಂಕಿಅಂಶ, ಅದನ್ನು ಕಲೆಹಾಕಲು ಕೆಲವು ವಾರ. ತವರುಮನೆಯಾದ್ದರಿಂದಲೇ ಅಪಾಯವೂ ಇದೆ: ಸಮೀಕರಣಕ್ಕೆ ಸಿಗದ ವಿಷಯವನ್ನೆಲ್ಲ ಹೊರಗಿಟ್ಟು ಉಳಿದದ್ದಕ್ಕೆ ಸೊಗಸಾದ ಉತ್ತರ ತೆಗೆಯುವ ಚಾಳಿ.

ಸಂದರ್ಭಾನುಸಾರಿ ಸಿದ್ಧಾಂತ: ಹೋಲಿಸಲು ಎರಡು ಸಂಸ್ಥೆ ಸಿಕ್ಕಿದಾಗ

1950ರ ದಶಕದಲ್ಲಿ ಜೋನ್ ವುಡ್‌ವರ್ಡ್ ಇಂಗ್ಲೆಂಡಿನ ದಕ್ಷಿಣ ಎಸೆಕ್ಸ್ ಪ್ರದೇಶದ ನೂರು ಕಾರ್ಖಾನೆಗಳನ್ನು ಅಧ್ಯಯನ ಮಾಡಿದರು. ಫಯೋಲ್ ಪಂಥದ ನಿಯಮಗಳನ್ನು ಪಾಲಿಸಿದವು ಗೆದ್ದವೇ ಎಂದು ನೋಡಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಕಾರ್ಖಾನೆಗಳನ್ನು ತಂತ್ರಜ್ಞಾನದ ಪ್ರಕಾರ ವಿಂಗಡಿಸಿದಾಗ ಚಿತ್ರ ಬಿಡಿಸಿಕೊಂಡಿತು. ಬಿಡಿ ಬಿಡಿಯಾಗಿ ತಯಾರಿಸುವಲ್ಲಿ ನಿರ್ವಹಣೆಯ ಹಂತಗಳು ಸಾಮಾನ್ಯವಾಗಿ ಮೂರು, ರಾಶಿ ಉತ್ಪಾದನೆಯಲ್ಲಿ ನಾಲ್ಕು, ತೈಲ ಶುದ್ಧೀಕರಣದಂಥ ನಿರಂತರ ಪ್ರಕ್ರಿಯೆಯಲ್ಲಿ ಆರು. ತನ್ನ ತಂತ್ರಜ್ಞಾನದ ಗುಂಪಿನ ಮಾದರಿಗೆ ಹತ್ತಿರವಿದ್ದ ಸಂಸ್ಥೆಗಳೇ ಚೆನ್ನಾಗಿ ನಡೆಯುತ್ತಿದ್ದವು. 1961ರಲ್ಲಿ ಬರ್ನ್ಸ್ ಮತ್ತು ಸ್ಟಾಕರ್, ಸ್ಥಿರ ಮಾರುಕಟ್ಟೆಗೆ ಬಿಗಿಯಾದ, ಯಾಂತ್ರಿಕ ರಚನೆಯೂ ಬದಲಾಗುತ್ತಲೇ ಇರುವ ಎಲೆಕ್ಟ್ರಾನಿಕ್ಸಿನಂಥ ಕ್ಷೇತ್ರಕ್ಕೆ ಸಡಿಲ, ಜೈವಿಕ ರಚನೆಯೂ ಹೊಂದುತ್ತವೆ ಎಂದರು.

ಕೇಳಲು ಇದೇ ಎಲ್ಲಕ್ಕಿಂತ ವಿವೇಕದ್ದು. ತೊಂದರೆ ಏನೆಂದರೆ, ‘ಎಲ್ಲವೂ ಸಂದರ್ಭಕ್ಕೆ ತಕ್ಕಂತೆ’ ಎಂದು ಬರೆದು ಕೈತೊಳೆದುಕೊಳ್ಳಲು ವಿದ್ಯಾರ್ಥಿಗೆ ಇದು ಒಳ್ಳೆಯ ನೆಪ. ಯಾವ ಸಂದರ್ಭ, ಅದನ್ನು ಅಳೆಯುವುದು ಹೇಗೆ ಎಂದು ಹೇಳದಿದ್ದರೆ ಅದು ಸಿದ್ಧಾಂತವಲ್ಲ, ಜಾಣತನ. ಹೋಲಿಸಲು ಕನಿಷ್ಠ ಎರಡು ಸಂಸ್ಥೆಗಳಾದರೂ ನಿಮಗೆ ಸಿಗುವುದಾದರೆ ಮಾತ್ರ ಇದನ್ನು ಮುಟ್ಟಿ. ಸಂಸ್ಥೆಯನ್ನು ಒಂದಕ್ಕೊಂದು ಹೆಣೆದುಕೊಂಡ ಭಾಗಗಳ ಒಟ್ಟು ಎಂದು ನೋಡುವ ವ್ಯವಸ್ಥಾ ದೃಷ್ಟಿಯೂ ಹಾಗೆಯೇ. ಅದರಲ್ಲಿ ಒಂದು ಉದಾಹರಣೆ ಮಾತ್ರ ಬಂಗಾರದಂಥದ್ದು. 1951ರಲ್ಲಿ ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್, ಬ್ರಿಟನ್ನಿನ ಕಲ್ಲಿದ್ದಲು ಗಣಿಗೆ ಹೊಸ ಯಂತ್ರಪದ್ಧತಿ ಬಂದಾಗ ಸಣ್ಣ ಸಣ್ಣ ಗುಂಪುಗಳಾಗಿ ದುಡಿಯುತ್ತಿದ್ದವರು ಚದುರಿಹೋಗಿ, ಯಂತ್ರದಿಂದ ನಿರೀಕ್ಷಿಸಿದ ಲಾಭ ಕೈಗೆ ಬಾರದೆ ಹೋದದ್ದನ್ನು ದಾಖಲಿಸಿದರು. ಯಂತ್ರ ವಿನ್ಯಾಸ ಮಾಡುವವರು ತಾವು ಮನುಷ್ಯರ ಜೋಡಣೆಯನ್ನೂ ವಿನ್ಯಾಸ ಮಾಡುತ್ತಿದ್ದೇವೆ ಎಂದು ಅರಿಯುವುದು ಇಲ್ಲಿಂದ.

ಗುಣಮಟ್ಟ ಮತ್ತು ಟೊಯೋಟಾ: ತಪ್ಪು ಮತ್ತೆ ಮತ್ತೆ ಮರಳುವಾಗ

ಷೂಹಾರ್ಟ್ ಅವರ ನಕ್ಷೆ ಒಂದು ಪ್ರಶ್ನೆಗೆ ಉತ್ತರಿಸುತ್ತದೆ: ಇವತ್ತಿನ ಏರುಪೇರು ವ್ಯವಸ್ಥೆಯ ಸಹಜ ಕುಲುಕಾಟವೇ, ಇಲ್ಲವೇ ಏನೋ ನಿಜವಾಗಿಯೂ ಕೆಟ್ಟಿದೆಯೇ? ಮೊದಲನೆಯದಕ್ಕೆ ಕೆಲಸಗಾರನನ್ನು ಬೈದರೆ ಪ್ರಯೋಜನವಿಲ್ಲ, ವ್ಯವಸ್ಥೆಯನ್ನೇ ಬದಲಿಸಬೇಕು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಕಂಪನಿಗಳ ಮುಖ್ಯಸ್ಥರಿಗೂ ಹೇಳಿಕೊಟ್ಟದ್ದರ ತಿರುಳು ಇದೇ. ಟೊಯೋಟಾದಲ್ಲಿ ತೈಚಿ ಓಹ್ನೊ ಅದನ್ನು ಇನ್ನೊಂದು ದಿಕ್ಕಿಗೆ ಬೆಳೆಸಿದರು: ಮುಂದಿನ ಹಂತಕ್ಕೆ ಬೇಕಾದಷ್ಟನ್ನೇ ಹಿಂದಿನ ಹಂತ ಮಾಡಬೇಕು, ತೊಂದರೆ ಕಂಡ ಕಾರ್ಮಿಕ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು.

ಇಲ್ಲಿ ಟೇಲರ್ ಮತ್ತೆ ಬಾಗಿಲು ತಟ್ಟುತ್ತಾರೆ. ಟೊಯೋಟಾದ ಪ್ರಮಾಣಿತ ಕೆಲಸದ ಹಾಳೆಯಲ್ಲಿ ಪ್ರತಿ ಹೆಜ್ಜೆಯೂ ಸೆಕೆಂಡುಗಳಲ್ಲಿ ಅಳೆದದ್ದೇ. ಆದರೆ ಆ ಹಾಳೆಯನ್ನು ತಿದ್ದುವುದರಲ್ಲಿ ಕೆಲಸ ಮಾಡುವವನ ಕೈಯೂ ಇರುತ್ತದೆ. ಗಡಿಯಾರ ಅದೇ, ಅದು ಯಾರ ಕೈಯಲ್ಲಿದೆ ಎಂಬುದು ಬೇರೆ. ನಮ್ಮ ಟ್ರೇಗೂ ಕೊನೆಗೆ ಮಾಡಿದ್ದು ಇಂಥದ್ದೇ ಉಪಾಯ. ಅದರಲ್ಲಿ ಆರೇ ಖಾನೆ ಬರೆದೆವು. ಆರೂ ತುಂಬಿದರೆ ಬೆಸುಗೆ ನಿಲ್ಲಿಸಿ, ಆ ಇಬ್ಬರೂ ಬೋರ್ಡುಗಳನ್ನು ಮಲ್ಟಿಮೀಟರಿನಲ್ಲಿ ಮೊದಲೇ ತಪಾಸಣೆ ಮಾಡಬೇಕು. ಪರೀಕ್ಷೆಯ ಸಮಯ ಅರ್ಧ ಗಂಟೆಯಿಂದ 20 ನಿಮಿಷಕ್ಕೆ ಇಳಿಯಿತು, ದಿನಕ್ಕೆ ಆರರ ಬದಲು ಒಂಬತ್ತು ಬೋರ್ಡ್ ಹೊರಬಿದ್ದವು. ಉಪಾಯ ಹೊಳೆದದ್ದು ನನಗಲ್ಲ, ಮಾತು ಬಿಟ್ಟಿದ್ದ ಗೆಳೆಯನಿಗೆ.

ಈ ಆಯ್ಕೆ ಬೇಡುವ ಬಂಡವಾಳ ತಾಳ್ಮೆ. ನಿಯಂತ್ರಣ ನಕ್ಷೆಗೆ ಸಾಮಾನ್ಯವಾಗಿ 20-25 ಬಾರಿಯಾದರೂ ಮಾದರಿ ತೆಗೆಯಬೇಕು. ಎರಡು ವಾರದ ಇಂಟರ್ನ್‌ಶಿಪ್ಪಿಗೆ ಬಂದವರಿಗೆ ಕಾರ್ಖಾನೆಯ ಹಳೆಯ ದಾಖಲೆ ಸಿಗದಿದ್ದರೆ ಕಷ್ಟ. 2001ರಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಸಹಿ ಹಾಕಿದ ಘೋಷಣೆಯಿಂದ ಹೆಸರು ಪಡೆದ, ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ತಿದ್ದುತ್ತ ಹೋಗುವ ಅಜೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಡಿಕೆಯೇ ವಾರಕ್ಕೊಮ್ಮೆ ಬದಲಾಗುವ ಕೆಲಸಕ್ಕೆ ಅದು ಸರಿ. ಸೇತುವೆಯ ಅಡಿಪಾಯವನ್ನು ಪ್ರತಿ ಎರಡು ವಾರಕ್ಕೊಮ್ಮೆ ತಿದ್ದುತ್ತೇನೆ ಎಂದರೆ ಯಾರೂ ಒಪ್ಪುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಒಂದು ವಾರ, ಒಂದು ನೋಟ್‌ಬುಕ್, ಕಣ್ಣೆದುರು ಕೈಕೆಲಸ ಇದ್ದರೆ ಟೇಲರ್ ಮತ್ತು ಗಿಲ್‌ಬ್ರೆತ್. ಆದರೆ ಉಪಕರಣವನ್ನು, ಜಾಗವನ್ನು ಅಳೆಯಿರಿ, ಹೆಸರು ಬರೆದು ಗೋಡೆಗೆ ಹಚ್ಚಬೇಡಿ. ಒಂದು ತಿಂಗಳು ಮತ್ತು ದಾಖಲೆಗಳು ಸಿಗುವುದಾದರೆ ಕಣ್ಣುಮುಚ್ಚಿ ಗಣಿತದ ಪಂಥ ಅಥವಾ ನಿಯಂತ್ರಣ ನಕ್ಷೆ. ಇವೆರಡರ ನಡುವೆ ತಡವೇ ತೊಂದರೆಯಾದರೆ ಮೊದಲನೆಯದು, ದೋಷವೇ ತೊಂದರೆಯಾದರೆ ಎರಡನೆಯದು. ತಂಡದೊಳಗೆ ಮುಸುಕಿನ ಗುದ್ದಾಟ ನಡೆಯುತ್ತಿದ್ದರೆ ಫಾಲೆಟ್ ಅವರಿಂದ ಶುರುಮಾಡಿ, ಹಾಥಾರ್ನ್ ಆಮೇಲೆ ಓದಿ. ಹತ್ತಕ್ಕಿಂತ ಹೆಚ್ಚು ಜನ ಸೇರಿ ಕಾರೋ ಉಪಗ್ರಹವೋ ಕಟ್ಟುವ ವಿದ್ಯಾರ್ಥಿ ಸಂಘ ನಿಮ್ಮದಾಗಿದ್ದರೆ ಫಯೋಲ್. ಪ್ರತಿವರ್ಷ ಹಳಬರು ಹೋಗಿ ಹೊಸಬರು ಬರುವುದಾದರೆ ಜೊತೆಗೆ ವೇಬರ್ ಅವರ ಕಡತ. ಗೊಂದಲ ಹಾಗೆಯೇ ಉಳಿದರೆ ಯಾವ ಪುಸ್ತಕವನ್ನೂ ತೆರೆಯದೆ ಒಂದು ದಿನ ಪೂರ್ತಿ ಕೆಲಸದ ಜಾಗದಲ್ಲಿ ನಿಂತು, ಸರಕು ಎಲ್ಲಿ ಕಾಯುತ್ತಿದೆ, ಜನ ಎಲ್ಲಿ ಕಾಯುತ್ತಿದ್ದಾರೆ ಎಂದಷ್ಟೇ ಬರೆದುಕೊಳ್ಳಿ. ಸರಕು ಕಾಯುತ್ತಿದ್ದರೆ ಗಣಿತದ ಕಡೆ ಹೋಗಿ. ಯಾರದೋ ಒಪ್ಪಿಗೆಗೆ ಜನ ಕಾಯುತ್ತಿದ್ದರೆ ಫಯೋಲ್ ಕಡೆ. ಯಾರೂ ಏನೂ ಕಾಯುತ್ತಿಲ್ಲ, ಆದರೂ ಕೆಲಸ ಸಾಗುತ್ತಿಲ್ಲ ಎಂದರೆ ಆ 14 ಜನರ ಕೋಣೆಯ ಕಡೆ.

ನಾಳೆ ಬೆಳಿಗ್ಗೆಯೇ ಪರೀಕ್ಷೆ ಇರುವವರಿಗೆ ಇಷ್ಟೆಲ್ಲ ಬೇಡ. ಪ್ರತಿ ಪಂಥಕ್ಕೂ ಮೂರು ಸಾಲು ಸಾಕು: ಯಾವ ತೊಂದರೆಗೆ ಹುಟ್ಟಿತು, ಒಂದು ಪ್ರಯೋಗದ ಒಂದು ಸಂಖ್ಯೆ, ಎಲ್ಲಿ ಸೋಲುತ್ತದೆ. ಮಾಸ್ಲೋ ಬಿಡಿಸದೆ ಬಿಟ್ಟ ಪಿರಮಿಡ್ಡನ್ನು ಬಿಡಿಸಲು ಕೊನೆಯ ಎರಡು ನಿಮಿಷ ಉಳಿದರೂ ಆದೀತು.